ಬರ್ಗಂಡಿಯಿಂದ ಬರೋಲೊಗೆ ಕಾರಿನಲ್ಲಿ: ಆಲ್ಪ್ಸ್ ದಾಟುವ ದಿನ ಭಾನುವಾರವಾಗಿರಲಿ

ಪ್ರಶ್ನೆ: ನಾವು ಬೆಂಗಳೂರಿನ ಎರಡು ದಂಪತಿಗಳು, ನಾಲ್ವರಲ್ಲಿ ಇಬ್ಬರು ಸಸ್ಯಾಹಾರಿಗಳು. ಅಕ್ಟೋಬರ್ ಎರಡನೇ ಭಾಗದಲ್ಲಿ 12 ರಾತ್ರಿಗಳ ಬಿಡುವಿದೆ. ಫ್ರಾನ್ಸಿನ ಬರ್ಗಂಡಿಯಿಂದ ಇಟಲಿಯ ಪಿಯೆಮೊಂಟೆಗೆ ವೈನ್ ತೋಟಗಳನ್ನು ನೋಡುತ್ತಾ ಕಾರಿನಲ್ಲಿ ಹೋಗುವ ಆಸೆ. ಕಾರನ್ನು ಪ್ಯಾರಿಸ್ ವಿಮಾನ ನಿಲ್ದಾಣದಲ್ಲಿ ಪಡೆದು ಟುರಿನ್‌ನಲ್ಲಿ ಬಿಡೋಣ, ದಾರಿಯಲ್ಲಿ ಸ್ವಿಟ್ಜರ್ಲೆಂಡನ್ನೂ ಮುಟ್ಟೋಣ ಎಂದುಕೊಂಡಿದ್ದೇವೆ. ಈ ಯೋಜನೆ ಸರಿಯೇ? ಎಷ್ಟು ಬಾಟಲಿ ವೈನ್ ಮನೆಗೆ ತರಬಹುದು?

ಉತ್ತರ: ಊರುಗಳ ಆಯ್ಕೆ ಚೆನ್ನಾಗಿದೆ. ಬದಲಿಸಬೇಕಾದದ್ದು ಮೂರು: ಕಾರು ಪಡೆಯುವ ಜಾಗ, ಬಿಡುವ ಜಾಗ ಮತ್ತು ಸ್ವಿಟ್ಜರ್ಲೆಂಡ್.

ಮೊದಲು ದೂರದ ಭಯ ಬಿಡಿ. ಬರ್ಗಂಡಿಯ ನಡುವಿನ ಬೋನ್ ಪಟ್ಟಣದಿಂದ ಪಿಯೆಮೊಂಟೆಯ ಬರೋಲೊ ವೈನ್ ಸೀಮೆಯ ಆಲ್ಬಾ ಪಟ್ಟಣಕ್ಕೆ 500ರಿಂದ 550 ಕಿ.ಮೀ., ಅಂದರೆ ಬೆಂಗಳೂರು–ಬೆಳಗಾವಿಯಷ್ಟು. ಬಹುಪಾಲು ಹೆದ್ದಾರಿ, ಚಾಲನೆಯ ಸಮಯ ಆರು ಗಂಟೆಯ ಆಸುಪಾಸು. ಇಂಥ ಪ್ರವಾಸ ರಸ್ತೆಯಿಂದ ಕೆಡುವುದು ಅಪರೂಪ. ಕೆಡುವುದು ವಾರದ ದಿನಗಳ ಲೆಕ್ಕ ತಪ್ಪಿದಾಗ: ಬಾಗಿಲು ಹಾಕಿದ ವೈನ್ ನೆಲಮಾಳಿಗೆ, ದುರಸ್ತಿಗೆ ಮುಚ್ಚಿದ ಸುರಂಗ, ಭಾನುವಾರ ತೆರೆಯದ ಬಾಡಿಗೆ ಕಚೇರಿ. ಹಾಗಾಗಿ ನಕ್ಷೆಗೂ ಮೊದಲು ಕ್ಯಾಲೆಂಡರ್ ಬಿಡಿಸಿಕೊಳ್ಳಿ.

ಬರ್ಗಂಡಿಯ ಸಣ್ಣ ವೈನ್ ತಯಾರಕರು ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆಯವರೆಗೆ ಬಹುತೇಕ ಯಾರನ್ನೂ ಬರಮಾಡಿಕೊಳ್ಳುವುದಿಲ್ಲ. ಆಲ್ಬಾದಲ್ಲಿ ಇದಕ್ಕೆ ತಿರುಗುಮುರುಗು. ಅಕ್ಟೋಬರ್ ಮೊದಲ ಭಾಗದಿಂದ ಡಿಸೆಂಬರ್ ಆರಂಭದವರೆಗೆ ಅಲ್ಲಿ ಬಿಳಿ ಟ್ರಫಲ್ (ನೆಲದಡಿ ಬೆಳೆಯುವ ದುಬಾರಿ ಅಣಬೆ) ಜಾತ್ರೆ, ವಾರಾಂತ್ಯದಲ್ಲಿ ಕೋಣೆಗಳ ಬಾಡಿಗೆ ಏರುತ್ತದೆ, ಬೆಟ್ಟದ ಕಿರುದಾರಿಗಳು ಕಾರುಗಳಿಂದ ಕಿಕ್ಕಿರಿಯುತ್ತವೆ. ಎರಡೂ ಕಡೆ ನಿಮಗೆ ಬೇಕಿರುವುದು ವಾರದ ನಡುವಿನ ದಿನಗಳೇ. ಉಳಿಯುವುದು ಭಾನುವಾರ. ಆ ದಿನ ಎರಡೂ ದೇಶಗಳಲ್ಲಿ ಭಾರಿ ಲಾರಿಗಳಿಗೆ ನಿರ್ಬಂಧ ಇರುವುದರಿಂದ ಆಲ್ಪ್ಸ್ ದಾಟಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಬೆಳಿಗ್ಗೆ ಎಂಟಕ್ಕೇ ಹೊರಡಿ. ಸಂಜೆ ನಾಲ್ಕರ ಮೇಲೆ ಬೆಟ್ಟದಿಂದ ಟುರಿನ್‌ಗೆ ಮರಳುವ ವಾರಾಂತ್ಯದ ಜನ ರಸ್ತೆ ತುಂಬುತ್ತಾರೆ.

ಇದನ್ನು ಹಿಡಿದು ದಿನಗಳನ್ನು ಹೀಗೆ ಜೋಡಿಸಬಹುದು. ಮಂಗಳವಾರ ಪ್ಯಾರಿಸ್‌ನಲ್ಲಿ ಇಳಿದು ರೈಲಿನಲ್ಲಿ ದಿಜೋನ್. ಪ್ಯಾರಿಸ್ಸಿನದೇ ಆದ ಗಾರ್ ದ ಲಿಯೋನ್ ನಿಲ್ದಾಣದಿಂದ ವೇಗದ ರೈಲಿಗೆ ಒಂದೂವರೆ ಗಂಟೆಯ ಸುಮಾರು. ರಾತ್ರಿ ವಿಮಾನದ ನಿದ್ದೆಗಣ್ಣಿನಲ್ಲಿ, ಅಭ್ಯಾಸವಿಲ್ಲದ ಬಲಬದಿಯ ರಸ್ತೆಯಲ್ಲಿ, ಪ್ಯಾರಿಸ್‌ನ ವರ್ತುಲ ರಸ್ತೆಯಿಂದ ಕಾರು ಓಡಿಸಲು ಶುರುಮಾಡುವುದು ಕೆಟ್ಟ ಉಪಾಯ. ಬುಧವಾರ ಬೆಳಿಗ್ಗೆ ದಿಜೋನ್ ನಿಲ್ದಾಣದ ಬಳಿ ಕಾರು ಪಡೆದು 45 ಕಿ.ಮೀ. ದೂರದ ಬೋನ್‌ಗೆ ಬಂದು ನಾಲ್ಕು ರಾತ್ರಿ. ಭಾನುವಾರ ಆಲ್ಪ್ಸ್ ದಾಟಿ ಇಟಲಿಯ ಆವೊಸ್ತಾದಲ್ಲಿ ಒಂದು ರಾತ್ರಿ. ಸೋಮವಾರದಿಂದ ಗುರುವಾರದವರೆಗೆ ಆಲ್ಬಾ ಸುತ್ತಲಿನ ಲಾಂಗೆ ಬೆಟ್ಟಗಳಲ್ಲಿ ನಾಲ್ಕು ರಾತ್ರಿ. ಶುಕ್ರವಾರ ಫ್ರಾನ್ಸಿಗೆ ಮರಳಿ ಶಾಂಬೆರಿಯಲ್ಲಿ ತಂಗಿ, ಶನಿವಾರ ಬೆಳಿಗ್ಗೆ ಲಿಯೋನ್‌ನಲ್ಲಿ ಕಾರು ಬಿಡಿ. ಅಲ್ಲಿನ ಪಾರ್-ದಿಯು ನಿಲ್ದಾಣದಿಂದ ಪ್ಯಾರಿಸ್‌ನ ಷಾರ್ಲ್ ದ ಗೋಲ್ ವಿಮಾನ ನಿಲ್ದಾಣದ ಒಳಕ್ಕೇ ನೇರ ರೈಲುಗಳಿವೆ, ಸುಮಾರು ಎರಡು ಗಂಟೆ. ಕೊನೆಯ ರಾತ್ರಿ ವಿಮಾನ ನಿಲ್ದಾಣದ ಬಳಿಯೇ ಉಳಿಯಿರಿ. ಫ್ರಾನ್ಸಿನ ರೈಲ್ವೆ ಮುಷ್ಕರಗಳಿಗೆ ಒಂದು ದಿನದ ಅಂತರ ಕೊಡದವರು ವಿಮಾನ ತಪ್ಪಿಸಿಕೊಳ್ಳುತ್ತಾರೆ.

ಈ ಲೆಕ್ಕದಲ್ಲಿ ಫ್ರಾನ್ಸಿನಲ್ಲಿ ಏಳು ರಾತ್ರಿ, ಇಟಲಿಯಲ್ಲಿ ಐದು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾಕ್ಕೆ ಹೆಚ್ಚು ದಿನ ಇರುವ ದೇಶದಲ್ಲೇ ಅರ್ಜಿ ಹಾಕಬೇಕಾದ್ದರಿಂದ ನಿಮ್ಮ ಅರ್ಜಿ ಫ್ರಾನ್ಸಿಗೆ. ದಿನಗಳು ಸಮನಾದರೆ ಮೊದಲು ಕಾಲಿಡುವ ದೇಶ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ.

ಇನ್ನು ಕಾರು. ಒಂದು ದೇಶದಲ್ಲಿ ಪಡೆದು ಇನ್ನೊಂದು ದೇಶದಲ್ಲಿ ಬಿಟ್ಟರೆ ಬಾಡಿಗೆ ಕಂಪನಿಗಳು ಹಾಕುವ ಪ್ರತ್ಯೇಕ ಶುಲ್ಕ ನೂರಾರು ಯೂರೋ. ಹಲವು ಸಲ ಇಡೀ ಬಾಡಿಗೆಗಿಂತ ಅದೇ ಹೆಚ್ಚು. ಫ್ರೆಂಚ್ ನಂಬರ್ ಪ್ಲೇಟಿನ ಕಾರನ್ನು ಯಾರಾದರೂ ಮತ್ತೆ ಫ್ರಾನ್ಸಿಗೆ ಓಡಿಸಿಕೊಂಡು ಹೋಗಬೇಕು, ಆ ಖರ್ಚನ್ನು ನಿಮ್ಮ ತಲೆಗೆ ಕಟ್ಟುತ್ತಾರೆ. ದಿಜೋನ್‌ನಲ್ಲಿ ಪಡೆದು ಲಿಯೋನ್‌ನಲ್ಲಿ ಬಿಟ್ಟರೆ ಎರಡೂ ಊರು ಫ್ರಾನ್ಸಿನವೇ ಆದ್ದರಿಂದ ಈ ಹೊರೆ ತೀರಾ ಕಡಿಮೆ, ಕೆಲವೊಮ್ಮೆ ಇಲ್ಲವೇ ಇಲ್ಲ. ಬುಕ್ ಮಾಡುವಾಗಲೇ ಇಟಲಿಗೆ ಹೋಗುವುದಾಗಿ ತಿಳಿಸಿ, ಕರಾರಿನಲ್ಲಿ ಬರೆಸಿಕೊಳ್ಳಿ. ದುಬಾರಿ ಮಾದರಿಯ ಕಾರುಗಳನ್ನು ಇಟಲಿಗೆ ಒಯ್ಯಲು ಕೆಲವು ಕಂಪನಿಗಳು ಬಿಡುವುದಿಲ್ಲ. ತಿಳಿಸದೆ ಹೋಗಿ ಅಪಘಾತವಾದರೆ ವಿಮೆ ಕೈಕೊಡುತ್ತದೆ.

ನಾಲ್ವರು, ನಾಲ್ಕು ದೊಡ್ಡ ಸೂಟ್‌ಕೇಸ್, ಜೊತೆಗೆ ಬಾಟಲಿಗಳ ಪೆಟ್ಟಿಗೆ ಎಂದರೆ ಫೋಕ್ಸ್‌ವ್ಯಾಗನ್ ಗಾಲ್ಫ್ ಗಾತ್ರದ ಕಾರು ಸಾಲದು. ಸ್ಟೇಷನ್ ವ್ಯಾಗನ್ ಕೇಳಿ. ಎಸ್‌ಯುವಿ ಎಂದು ಕೊಡುವ ಎಷ್ಟೋ ಕಾರುಗಳಿಗೆ ಡಿಕ್ಕಿ ಚಿಕ್ಕದು. ಆಟೊಮ್ಯಾಟಿಕ್ ಬೇಕೆಂದು ಸ್ಪಷ್ಟವಾಗಿ ಆರಿಸದಿದ್ದರೆ ಕೈಗೆ ಬರುವುದು ಗೇರ್ ಕಾರು. ಎಡಗಡೆ ಸ್ಟೀರಿಂಗ್, ಬಲಗೈಯಲ್ಲಿ ಗೇರ್, ಏರು ತಿರುವಿನ ರಸ್ತೆ, ಇವು ಮೂರನ್ನೂ ಒಟ್ಟಿಗೆ ಕಲಿಯುವುದಕ್ಕಿಂತ ಹೆಚ್ಚು ಹಣ ಕೊಟ್ಟು ಆಟೊಮ್ಯಾಟಿಕ್ ಪಡೆಯುವುದೇ ಮೇಲು. ಠೇವಣಿಗೆ ಮುಖ್ಯ ಚಾಲಕರ ಹೆಸರಿನದೇ ಕ್ರೆಡಿಟ್ ಕಾರ್ಡ್ ಬೇಕು. ಗಂಡನ ಲೈಸೆನ್ಸಿಗೆ ಹೆಂಡತಿಯ ಕಾರ್ಡ್ ನಡೆಯುವುದಿಲ್ಲ, ಪ್ರೀಪೇಯ್ಡ್ ಫಾರೆಕ್ಸ್ ಕಾರ್ಡನ್ನು ಹೆಚ್ಚಿನ ಕಡೆ ಒಪ್ಪುವುದಿಲ್ಲ. ಓಡಿಸುವ ಪ್ರತಿಯೊಬ್ಬರಿಗೂ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇರಲಿ. ನಿಮ್ಮ ಆರ್‌ಟಿಒಗೆ ಸಾರಥಿ ಜಾಲತಾಣದ ಮೂಲಕ ಅರ್ಜಿ ಹಾಕಿದರೆ ಸಿಗುತ್ತದೆ, ಅವಧಿ ಒಂದು ವರ್ಷ. ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ.

ಸುರಂಗದ ವಿಷಯಕ್ಕೆ ಬರೋಣ. ಬೋನ್‌ನಿಂದ ಎ6 ಹಿಡಿದು ದಕ್ಷಿಣಕ್ಕೆ ಮಾಕೋನ್, ಅಲ್ಲಿಂದ ಎ40ರಲ್ಲಿ ಬೂರ್ಗ್-ಆಂ-ಬ್ರೆಸ್, ನಾಂತುವಾ, ಕ್ಲೂಸ್ ದಾಟಿ ಶಾಮೋನಿ. ಈ ಹೆದ್ದಾರಿ ಜಿನೀವಾದ ಪಕ್ಕದಲ್ಲೇ ಹಾದರೂ ಉದ್ದಕ್ಕೂ ಫ್ರಾನ್ಸಿನ ಒಳಗೇ ಇರುತ್ತದೆ. ಜಿಪಿಎಸ್ ಜಿನೀವಾದ ಮೂಲಕ ಹತ್ತು ನಿಮಿಷ ಉಳಿಸುವ ಆಸೆ ತೋರಿಸಿದರೆ ಒಪ್ಪಬೇಡಿ; ಸ್ವಿಸ್ ಹೆದ್ದಾರಿಗೆ ಕಾಲಿಟ್ಟರೆ 40 ಫ್ರಾಂಕ್‌ನ ವಾರ್ಷಿಕ ಪರವಾನಗಿ ಚೀಟಿ ಬೇಕು, ಒಂದು ದಿನದ ಚೀಟಿ ಎಂಬುದಿಲ್ಲ. ಶಾಮೋನಿಯಿಂದ 11.6 ಕಿ.ಮೀ. ಉದ್ದದ ಮೋಂ ಬ್ಲಾಂ ಸುರಂಗ ಇಟಲಿಯ ಕುರ್ಮಾಯರ್‌ಗೆ ಹಾಯಿಸುತ್ತದೆ. ಅಲ್ಲಿಂದ ಎ5 ಇಳಿಜಾರಿನಲ್ಲಿ ಆವೊಸ್ತಾ, ಮುಂದೆ ಟುರಿನ್ ಹೊರವಲಯ, ಆಲ್ಬಾ.

1999ರ ಮಾರ್ಚ್ 24ರಂದು ಈ ಸುರಂಗದೊಳಗೆ ಲಾರಿಯೊಂದಕ್ಕೆ ಬೆಂಕಿ ಹತ್ತಿ 39 ಜನ ಸತ್ತರು. ಈಗಿನ ಕಟ್ಟುನಿಟ್ಟಿನ ನಿಯಮಗಳು ಅಲ್ಲಿಂದ ಬಂದವು: ವೇಗ 50ಕ್ಕಿಂತ ಕಡಿಮೆ ಇರಬಾರದು, 70 ಮೀರಬಾರದು, ಮುಂದಿನ ವಾಹನಕ್ಕೂ ನಿಮಗೂ 150 ಮೀಟರ್ ಅಂತರ, ನಿಂತರೂ 100 ಮೀಟರ್. ಗೋಡೆಯ ನೀಲಿ ದೀಪಗಳು ಆ ಅಂತರ ಅಳೆಯುವುದಕ್ಕೇ ಇವೆ. ಅಂತರ ಮುರಿದರೆ ದಂಡ ಹಾಕುತ್ತಾರೆ, ಹಿಂದಿನವರು ಹಾರ್ನ್ ಹೊಡೆದರೂ ಹತ್ತಿರ ಹೋಗಬೇಡಿ.

ಈ ಪ್ರವಾಸದಲ್ಲಿ ಕೋಣೆ ಬುಕ್ ಮಾಡುವ ಮೊದಲೇ ನೋಡಬೇಕಾದ ಸಂಗತಿಯೊಂದಿದೆ. ಮೋಂ ಬ್ಲಾಂ ಸುರಂಗ 2023, 2024, 2025ರ ಮೂರು ಶರತ್ಕಾಲಗಳಲ್ಲೂ ದುರಸ್ತಿಗಾಗಿ ವಾರಗಟ್ಟಲೆ ಪೂರ್ತಿ ಮುಚ್ಚಿತ್ತು. 2024ರಲ್ಲಿ ಸೆಪ್ಟೆಂಬರ್ ಆರಂಭದಿಂದ ಡಿಸೆಂಬರ್ ನಡುವಿನವರೆಗೆ, ಅಂದರೆ ಕೊಯ್ಲು ಮತ್ತು ಟ್ರಫಲ್ ಜಾತ್ರೆಯ ಇಡೀ ಕಾಲ. 1965ರಲ್ಲಿ ತೆರೆದ ಹಳೆಯ ಸುರಂಗ, ಎರಡೂ ದಿಕ್ಕಿಗೆ ಒಂದೇ ಕೊಳವೆ. ಚಾವಣಿ ಕೆಲಸವೆಂದರೆ ಮುಚ್ಚದೆ ಗತಿಯಿಲ್ಲ. ಮುಚ್ಚದ ವರ್ಷಗಳಲ್ಲೂ ವಾರದ ದಿನಗಳ ರಾತ್ರಿ ನಿರ್ವಹಣೆಗೆಂದು ಆಗಾಗ ಬಂದ್ ಆಗುತ್ತದೆ. ಸುರಂಗದ ಅಧಿಕೃತ ತಾಣದಲ್ಲಿ ವರ್ಷದ ವೇಳಾಪಟ್ಟಿ ಇರುತ್ತದೆ, ನಿಮ್ಮ ತಾರೀಖು ನೋಡಿ, ಹೊರಡುವ ಹಿಂದಿನ ಸಂಜೆ ಮತ್ತೊಮ್ಮೆ ನೋಡಿ.

ಮುಚ್ಚಿದ್ದರೆ ಫ್ರೆಜುಸ್ ಸುರಂಗ. ಮಾಕೋನ್‌ನಿಂದ ಲಿಯೋನ್ ಪಕ್ಕದಲ್ಲಿ ಹಾದು ಶಾಂಬೆರಿ, ಎ43ರಲ್ಲಿ ಮೊದಾನ್, 13 ಕಿ.ಮೀ.ಗೆ ತುಸು ಕಡಿಮೆ ಉದ್ದದ ಸುರಂಗ, ಆಚೆ ಬಾರ್ಡೊನೆಕ್ಕಿಯಾ, ಎ32ರಲ್ಲಿ ಟುರಿನ್. ನೋಟದಲ್ಲಿ ಮೋಂ ಬ್ಲಾಂನಷ್ಟು ಸೊಗಸಿಲ್ಲ. ಆದರೆ 2025ರಲ್ಲಿ ಎರಡನೇ ಕೊಳವೆ ತೆರೆದ ಮೇಲೆ ಇಲ್ಲಿ ಎದುರು ವಾಹನದ ಕಿರಿಕಿರಿಯಿಲ್ಲ. ಎರಡೂ ಸುರಂಗಗಳಲ್ಲಿ ಕಾರಿಗೆ ಒಂದು ದಿಕ್ಕಿನ ಟೋಲ್ 50 ಯೂರೋ ಮೀರುತ್ತದೆ. ಹೋಗಿಬರುವ ಟಿಕೆಟ್ ಅದಕ್ಕಿಂತ ಸುಮಾರು ಕಾಲುಪಾಲು ಮಾತ್ರ ಹೆಚ್ಚು, ಏಳು ದಿನದೊಳಗೆ ಮರಳಬೇಕು. ನೀವು ಭಾನುವಾರ ಹೋಗಿ ಶುಕ್ರವಾರ ಮರಳುವುದರಿಂದ ಆ ಟಿಕೆಟ್ ನಿಮಗೂ ಒದಗುತ್ತದೆ. ಆದರೂ ಹೋಗುವಾಗ ಮೋಂ ಬ್ಲಾಂ, ಬರುವಾಗ ಫ್ರೆಜುಸ್ ಎಂಬುದೇ ನನ್ನ ಸಲಹೆ: ಆಲ್ಬಾದಿಂದ ಲಿಯೋನ್‌ಗೆ ಫ್ರೆಜುಸ್ ದಾರಿ 70 ಕಿ.ಮೀ.ಯಷ್ಟು ಹತ್ತಿರ, ಮತ್ತು ಆವೊಸ್ತಾ–ಟುರಿನ್ ಹೆದ್ದಾರಿಯ ಟೋಲ್ ತುಟ್ಟಿ. ಟಿಕೆಟಿನಲ್ಲಿ ಉಳಿಸಿದ್ದರ ಬಹುಪಾಲು ರಸ್ತೆಯಲ್ಲಿ ಕಳೆಯುತ್ತೀರಿ. ಮೋಂ ಬ್ಲಾಂ ಮುಚ್ಚಿರುವ ವರ್ಷವಾದರೆ ಮಾತ್ರ ಫ್ರೆಜುಸ್‌ನಲ್ಲೇ ಹೋಗಿಬರುವ ಟಿಕೆಟ್ ತೆಗೆದುಕೊಳ್ಳಿ.

ಟೋಲ್ ಇಲ್ಲದ ಘಾಟಿ ರಸ್ತೆಗಳೂ ಇವೆ. ಮೋಂ ಸೆನಿ 2,000 ಮೀಟರ್ ಮೇಲಿದೆ, ನೆತ್ತಿಯಲ್ಲಿ ದೊಡ್ಡ ಜಲಾಶಯ, ಆಚೆ ಸೂಸಾ ಪಟ್ಟಣಕ್ಕೆ ಇಳಿಜಾರು. ಹಿಮಕಾಲದಲ್ಲಿ ಇದನ್ನು ಮುಚ್ಚುತ್ತಾರೆ, ಅಕ್ಟೋಬರ್ ಕೊನೆಯಲ್ಲಿ ಒಂದೇ ಹಿಮಪಾತ ಸಾಕು. ಮರಳುವ ಶುಕ್ರವಾರ ಬಿಸಿಲಿದ್ದು ರಸ್ತೆ ತೆರೆದಿದ್ದರೆ ಖಂಡಿತ ಹತ್ತಿ, ಸುರಂಗದ ದುಡ್ಡೂ ಉಳಿಯುತ್ತದೆ, ಒಂದು ಗಂಟೆ ಹೆಚ್ಚು ಹಿಡಿಯುತ್ತದೆ. ಟೈರಿನ ನಿಯಮವನ್ನೂ ನೆನಪಿಡಿ: ಫ್ರಾನ್ಸಿನ ಬೆಟ್ಟ ಪ್ರದೇಶಗಳಲ್ಲಿ ನವೆಂಬರ್ 1ರಿಂದ, ಇಟಲಿಯ ಹೆಚ್ಚಿನ ಕಡೆ ನವೆಂಬರ್ 15ರಿಂದ ಚಳಿಗಾಲದ ಟೈರ್ ಅಥವಾ ಡಿಕ್ಕಿಯಲ್ಲಿ ಚೈನು ಕಡ್ಡಾಯ, ಆವೊಸ್ತಾ ಕಣಿವೆಯಲ್ಲಿ ಅಕ್ಟೋಬರ್ 15ರಿಂದಲೇ ಶುರು. ದಿಜೋನ್‌ನ ಬಾಡಿಗೆ ಕಾರಿಗೆ ಬೇಸಿಗೆ ಟೈರ್ ಇರುವ ಸಾಧ್ಯತೆಯೇ ಹೆಚ್ಚು. ಕೌಂಟರಿನಲ್ಲಿ ಚೈನು ಅಥವಾ ನಾಲ್ಕೂ ಋತುಗಳ ಟೈರ್ ಕೇಳಿ ಪಡೆಯಿರಿ.

ಸ್ವಿಟ್ಜರ್ಲೆಂಡ್ ಏಕೆ ಬೇಡ ಎಂದರೆ, ಚಂದವಿಲ್ಲವೆಂದಲ್ಲ. ಲೋಸಾನ್ ಪಕ್ಕದ ಲಾವೊ ಮೆಟ್ಟಿಲು ದ್ರಾಕ್ಷಿತೋಟಗಳು 2007ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ, ಗ್ರೇಟ್ ಸೇಂಟ್ ಬರ್ನಾರ್ಡ್ ಸುರಂಗ ನೇರ ಆವೊಸ್ತಾಕ್ಕೆ ಇಳಿಸುತ್ತದೆ. ತೊಡಕು ನಿಮ್ಮ ಡಿಕ್ಕಿಯಲ್ಲಿದೆ. ಸ್ವಿಟ್ಜರ್ಲೆಂಡ್ ಷೆಂಗೆನ್‌ನಲ್ಲಿದ್ದರೂ ಐರೋಪ್ಯ ಒಕ್ಕೂಟದ ಸುಂಕ ವಲಯದ ಹೊರಗಿದೆ. ವೀಸಾ ಕೇಳದ ಗಡಿಯಲ್ಲಿ ವೈನ್ ಕೇಳುತ್ತಾರೆ. ತಲೆಗೆ ಐದು ಲೀಟರ್ ವೈನ್ ಸುಂಕವಿಲ್ಲದೆ ಒಯ್ಯಬಹುದು, ಆದರೆ 2025ರಿಂದ ಒಟ್ಟು ಸರಕಿನ ಮೌಲ್ಯದ ಮಿತಿ ತಲೆಗೆ 150 ಫ್ರಾಂಕ್‌ಗೆ ಇಳಿದಿದೆ. ಬರ್ಗಂಡಿಯ ಎರಡು ಒಳ್ಳೆಯ ಬಾಟಲಿಗೇ ಆ ಮಿತಿ ಮುಗಿಯಬಹುದು. ಆಮೇಲೆ ಘೋಷಣೆ, ತೆರಿಗೆ, ಕಾಯುವಿಕೆ. ಫ್ರಾನ್ಸ್–ಇಟಲಿ ನೇರ ದಾರಿಯಲ್ಲಿ ಸ್ವಂತ ಬಳಕೆಯ ವೈನ್‌ಗೆ ಇಂಥ ತಾಪತ್ರಯವಿಲ್ಲ. ಸ್ವಂತದ್ದೆಂದು ನಂಬಲು ಒಕ್ಕೂಟದ ಮಾರ್ಗದರ್ಶಿ ಅಳತೆ ತಲೆಗೆ 90 ಲೀಟರ್.

ಬರ್ಗಂಡಿಯಲ್ಲಿ ಏನು ಮಾಡಬೇಕು? ದಿಜೋನ್‌ನಿಂದ ಸಾಂತ್ನೆವರೆಗಿನ ತೋಟಗಳ ಸಾಲು ಸುಮಾರು 60 ಕಿ.ಮೀ. ಉದ್ದ, ಬಹಳ ಕಡೆ ಒಂದೆರಡು ಕಿ.ಮೀ. ಅಗಲ. ಡಿ974 ರಸ್ತೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಸುಣ್ಣಕಲ್ಲಿನ ಇಳಿಜಾರು ಕಾಣುತ್ತದೆ. ಹೆಸರಾಂತ ತೋಟಗಳೆಲ್ಲ ಇಳಿಜಾರಿನ ನಡುಭಾಗದಲ್ಲಿ, ಪೂರ್ವದ ಬೆಳಗಿನ ಬಿಸಿಲಿಗೆ ಮುಖಮಾಡಿ ಇವೆ. ರಸ್ತೆಯ ಪೂರ್ವಕ್ಕೆ ನೀರು ನಿಲ್ಲುವ ಸಮತಟ್ಟು ಮಣ್ಣು, ಅಲ್ಲಿಯದು ಹೆಚ್ಚಾಗಿ ಸಾಮಾನ್ಯ ದರ್ಜೆಯ ವೈನ್. ಇದೊಂದನ್ನು ಕಣ್ಣಾರೆ ಕಂಡರೆ ಲೇಬಲ್ಲಿನ ನಾಲ್ಕು ದರ್ಜೆಗಳು, ಅಂದರೆ ಕೆಳಗಿನಿಂದ ಮೇಲಕ್ಕೆ ಪ್ರಾಂತ, ಹಳ್ಳಿ, ಪ್ರಮ್ಯೆ ಕ್ರು (ಮೇಲ್ದರ್ಜೆಯ ತೋಟ), ಗ್ರಾಂ ಕ್ರು (ಅತ್ಯುನ್ನತ ದರ್ಜೆಯ ತೋಟ), ತಾವಾಗಿ ಅರ್ಥವಾಗುತ್ತವೆ. ವೋನ್-ರೊಮಾನೆ ಹಳ್ಳಿಯ ಹೆಸರಾಂತ ರೊಮಾನೆ-ಕೋಂತಿ ತೋಟ ಎರಡು ಹೆಕ್ಟೇರೂ ಇಲ್ಲ. ರಸ್ತೆಯಿಂದ ನೋಡಿ, ಗೋಡೆ ದಾಟಿ ಸಾಲುಗಳೊಳಗೆ ಇಳಿಯಬೇಡಿ.

ಸಣ್ಣ ತಯಾರಕರಿಗೆ ಆರರಿಂದ ಎಂಟು ವಾರ ಮೊದಲೇ ಇಮೇಲ್ ಬರೆಯಿರಿ: ತಾರೀಖು, ವೇಳೆ, ನಾಲ್ವರು, ಮಾತಾಡುವ ಭಾಷೆ, ಕೊಳ್ಳುವ ಇರಾದೆ ಇದೆಯೇ ಎಂಬ ಐದು ಸಾಲು ಸಾಕು, ಫ್ರೆಂಚ್‌ನಲ್ಲಿದ್ದರೆ ಒಳ್ಳೆಯದು. ಹೆಸರಾಂತವರು ಉತ್ತರಿಸದೆ ಇರುವುದು ಸಾಮಾನ್ಯ. ಮಾರಲು ಅವರಲ್ಲಿ ಬಾಟಲಿಯೇ ಉಳಿದಿರುವುದಿಲ್ಲ. ಅಕ್ಟೋಬರ್ ಎರಡನೇ ಭಾಗ ಆರಿಸಿದ್ದು ಒಳ್ಳೆಯದಾಯಿತು, ಅಷ್ಟರಲ್ಲಿ ಕೊಯ್ಲು ಮುಗಿದು ವೈನ್ ಹುದುಗುವ ತೊಟ್ಟಿಗಳ ಗಡಿಬಿಡಿ ಇಳಿದಿರುತ್ತದೆ. ಸೆಪ್ಟೆಂಬರ್‌ನಲ್ಲಿ ಬಾಗಿಲು ಬಡಿದರೆ ಯಾರೂ ತೆಗೆಯುವುದಿಲ್ಲ. ದಿನಕ್ಕೆ ಎರಡೇ ಭೇಟಿ: ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಮೂರಕ್ಕೆ. 12ರಿಂದ 2 ಗಂಟೆ ಊಟದ ಹೊತ್ತು, ಆ ಅವಧಿಗೆ ತಡವಾಗಿ ನುಗ್ಗುವುದು ಅಸಭ್ಯತೆ. ಘಾಟು ಸೆಂಟು ಹಾಕಿಕೊಂಡು ಹೋಗಬೇಡಿ. ಭೇಟಿ ಸಿಗದಿದ್ದರೆ ಬೋನ್ ಪಟ್ಟಣದ ದೊಡ್ಡ ವ್ಯಾಪಾರಿ ಮನೆಗಳ ನೆಲಮಾಳಿಗೆಗಳು ಹಣ ಕೊಟ್ಟವರಿಗೆ ತೆರೆದಿವೆ. ಶನಿವಾರ ಬೆಳಿಗ್ಗೆ ಪಟ್ಟಣದ ಸಂತೆ, 1443ರಲ್ಲಿ ಸ್ಥಾಪನೆಯಾದ ಬಣ್ಣದ ಹೆಂಚಿನ ಆಸ್ಪತ್ರೆ ಕಟ್ಟಡ, ಮಧ್ಯಾಹ್ನ ತೋಟಗಳ ನಡುವೆ ಸೈಕಲ್. ಬೋನ್‌ನಿಂದ ಸಾಂತ್ನೆಗೆ 20 ಕಿ.ಮೀ. ಮೀರಿದ ಸೈಕಲ್ ದಾರಿಯಿದೆ. ಮದ್ಯದ ಕಾನೂನು ಸೈಕಲ್ಲಿಗೂ ಅನ್ವಯಿಸುತ್ತದೆ.

ಆವೊಸ್ತಾದಲ್ಲಿ ಒಂದು ರಾತ್ರಿ ಬರೀ ದಣಿವಾರಿಸಿಕೊಳ್ಳಲು ಅಲ್ಲ. ಸುರಂಗ ದಾಟಿದ ಕೂಡಲೇ ಸಿಗುವ ಮೊರ್ಜೆ ಮತ್ತು ಲಾ ಸಾಲ್ ಹಳ್ಳಿಗಳಲ್ಲಿ ಸಮುದ್ರಮಟ್ಟದಿಂದ 900ರಿಂದ 1,200 ಮೀಟರ್ ಎತ್ತರದ ತೋಟಗಳಿವೆ. ಪ್ರಿಯೆ ಬ್ಲಾಂ ಎಂಬ ಬಿಳಿ ದ್ರಾಕ್ಷಿಯನ್ನು ಮೊಣಕಾಲೆತ್ತರದ ತಗ್ಗು ಚಪ್ಪರಗಳಿಗೆ ಹಬ್ಬಿಸಿರುತ್ತಾರೆ. ರಾತ್ರಿಯ ಚಳಿಗೆ ನೆಲದ ಕಾವು ಸಿಗಲಿ ಎಂದು. ಸೋಮವಾರ ಕೆಳಗಿಳಿಯುವಾಗ ಪೋಂ-ಸಾಂ-ಮಾರ್ತಿನಲ್ಲಿ ಹೆದ್ದಾರಿ ಬಿಟ್ಟು ದೊನ್ನಾಸ್ ಮತ್ತು ಕರೆಮಾ ನೋಡಿ. ಕಲ್ಲುಕಂಬಗಳ ಮೇಲಿನ ಚಪ್ಪರದಲ್ಲಿ ಬೆಳೆಯುವುದು ಬರೋಲೊದ ಅದೇ ನೆಬ್ಬಿಯೊಲೊ ದ್ರಾಕ್ಷಿ, ಆದರೆ ತೆಳು, ಹಗುರ. ಮರುದಿನ ಬರೋಲೊ ಕುಡಿಯುವವರಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗದು.

ಲಾಂಗೆಯಲ್ಲಿ ತಂಗಲು ಆಲ್ಬಾ ಪಟ್ಟಣಕ್ಕಿಂತ ಲಾ ಮೊರ್ರಾ, ಮೊನ್‌ಫೋರ್ತೆ, ಬಾರ್ಬರೆಸ್ಕೊ ಇಂಥ ಬೆಟ್ಟದ ಊರು ಮೇಲು. ಶರತ್ಕಾಲದ ಬೆಳಿಗ್ಗೆ ತಾನರೊ ನದಿಯ ಕಣಿವೆಯಲ್ಲಿ ಮಂಜು ಕವಿದಿರುತ್ತದೆ, ಮೇಲಿನ ಊರು ಬಿಸಿಲಲ್ಲಿರುತ್ತದೆ. ಬರೋಲೊ ಎಂಬ ಹೆಸರಿನ ವೈನ್ ಮಾಡುವುದು 11 ಊರುಗಳು. ಪಶ್ಚಿಮದ ಲಾ ಮೊರ್ರಾ, ಬರೋಲೊ ಕಡೆಯ ನೀಲಿ ಬೂದು ಜೇಡಿಮಣ್ಣಿನ ವೈನ್ ಬೇಗ ಮೃದುವಾಗುತ್ತದೆ, ಪೂರ್ವದ ಸೆರ್ರಾಲುಂಗದ್ದು ವರ್ಷಗಟ್ಟಲೆ ಒಗರು ಬಿಡದು. ಎರಡೂ ಬದಿಯಲ್ಲಿ ಒಂದೊಂದು ಭೇಟಿ, ಬಾರ್ಬರೆಸ್ಕೊದಲ್ಲಿ ಒಂದು ಎಂದು ಮೂರೇ ಇಟ್ಟುಕೊಳ್ಳಿ. ಬರೋಲೊವನ್ನು ಕೊಯ್ಲಿನ ವರ್ಷದ ನವೆಂಬರ್‌ನಿಂದ ಕನಿಷ್ಠ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಇಡಬೇಕೆಂಬ ನಿಯಮವಿದೆ. ಬಾರ್ಬರೆಸ್ಕೊಗೆ 26 ತಿಂಗಳು. ಮೊದಲೇ ಹೇಳದೆ ಹೋಗಿ ಹಲವರ ವೈನ್ ಹೋಲಿಸಿ ನೋಡಲು ಬರೋಲೊ ಕೋಟೆಯೊಳಗಿನ ಪ್ರಾದೇಶಿಕ ಎನೊತೆಕಾ (ವೈನ್ ಸವಿದು ಕೊಳ್ಳುವ ಮಳಿಗೆ), ಬಾರ್ಬರೆಸ್ಕೊದ ಹಳೆಯ ಚರ್ಚಿನಲ್ಲಿರುವ ಎನೊತೆಕಾ, ಲಾ ಮೊರ್ರಾದ ಊರ ಕಾಂತೀನಾ (ವೈನ್ ನೆಲಮಾಳಿಗೆ) ಇವೆ. ವಾರಾಂತ್ಯದಲ್ಲಿ ದುಡಿದ ಊಟದಮನೆಗಳು ಮಂಗಳವಾರ, ಬುಧವಾರ ಮುಚ್ಚಿರುವುದು ಹೆಚ್ಚು. ರಾತ್ರಿಯೂಟಕ್ಕೆ ಮೊದಲೇ ಜಾಗ ಕಾಯ್ದಿರಿಸಿ.

ಕುಡಿತ ಮತ್ತು ಚಾಲನೆಯ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಮಾಡಿ. ಎರಡೂ ದೇಶಗಳಲ್ಲಿ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ; ಇಟಲಿಯಲ್ಲಿ ಲೈಸೆನ್ಸ್ ಪಡೆದು ಮೂರು ವರ್ಷವಾಗದವರಿಗೆ ಸೊನ್ನೆ. ಒಂದು ಭೇಟಿಯಲ್ಲಿ ಆರು ವೈನ್, ಒಂದೊಂದು ಸುಮಾರು 35 ಮಿ.ಲೀ. ಎಂದರೂ 200 ಮಿ.ಲೀ. ಆಯಿತು. ಶೇ 14ರ ವೈನಾದರೆ ಅದರಲ್ಲಿ 22 ಗ್ರಾಂ ಆಲ್ಕೊಹಾಲ್. 60 ಕಿಲೋ ತೂಕದ ಮಹಿಳೆ ನುಂಗಿದರೆ 0.6 ದಾಟಬಹುದು, 75 ಕಿಲೋ ಪುರುಷನಿಗೆ 0.4 ಮೀರುತ್ತದೆ. ದೇಹ ಕರಗಿಸುವುದು ಗಂಟೆಗೆ 0.1ರಿಂದ 0.15 ಮಾತ್ರ. ಎರಡನೇ ಭೇಟಿಗೆ ಹೊರಡುವಾಗ ಮೊದಲನೆಯದು ಇನ್ನೂ ರಕ್ತದಲ್ಲಿರುತ್ತದೆ. ಓಡಿಸುವವರು ಉಗುಳಲೇಬೇಕು, ಉಗುಳುವ ಪಾತ್ರೆ ಪ್ರತಿ ನೆಲಮಾಳಿಗೆಯಲ್ಲೂ ಇರುತ್ತದೆ, ಅದರಲ್ಲಿ ಸಂಕೋಚವಿಲ್ಲ, ಬಲ್ಲವರೆಲ್ಲ ಉಗುಳುತ್ತಾರೆ. ನಾಲ್ವರೂ ಮನಸಾರೆ ಕುಡಿಯಬೇಕೆಂದರೆ ಲಾಂಗೆಯಲ್ಲಿ ಒಂದು ದಿನ ಚಾಲಕರಿರುವ ಕಾರು ಗೊತ್ತುಮಾಡಿ, ಅಲ್ಲಿ ಅದನ್ನು ಎನ್‌ಸಿಸಿ ಎನ್ನುತ್ತಾರೆ. ನಾಲ್ವರಲ್ಲಿ ಹಂಚಿದರೆ ದುಬಾರಿಯಲ್ಲ.

ರಸ್ತೆಯ ಸಣ್ಣ ಸಂಗತಿಗಳು ಬೇಗ ಹೇಳಿ ಮುಗಿಸುತ್ತೇನೆ. ಹೆದ್ದಾರಿಯಲ್ಲಿ ಎರಡೂ ಕಡೆ ವೇಗಮಿತಿ 130, ಮಳೆಯಲ್ಲಿ 110. ಹಳ್ಳಿ ರಸ್ತೆಯಲ್ಲಿ ಫ್ರಾನ್ಸ್ ಸಾಮಾನ್ಯವಾಗಿ 80, ಇಟಲಿ 90. ಫ್ರಾನ್ಸಿನ ಊರೊಳಗೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಅದು ಎಷ್ಟೇ ಸಣ್ಣ ಓಣಿಯಾಗಿರಲಿ. ಟೋಲ್‌ನಲ್ಲಿ ಫ್ರಾನ್ಸಿನ ಕಿತ್ತಳೆ ಬಣ್ಣದ ‘ಟಿ’ ಮಾತ್ರ ಇರುವ ಸಾಲು, ಇಟಲಿಯ ಹಳದಿ ಟೆಲಿಪಾಸ್ ಸಾಲು ನಿಮಗಲ್ಲ, ಅವು ಫಾಸ್ಟ್ಯಾಗ್ ತರಹದ ಸಾಧನವಿರುವ ಕಾರುಗಳಿಗೆ. ಕಾರ್ಡ್ ಒಪ್ಪದಿದ್ದರೆ ಹಿಂದಕ್ಕೆ ತೆಗೆಯದೆ ಸಹಾಯದ ಗುಂಡಿ ಒತ್ತಿ. ಇಟಲಿಯ ಯಂತ್ರ ಹಣ ಬಾಕಿಯ ಚೀಟಿ ಕೊಟ್ಟರೆ 15 ದಿನದೊಳಗೆ ಆನ್‌ಲೈನ್‌ನಲ್ಲಿ ಕಟ್ಟಿ. ಪೆಟ್ರೋಲ್ ಬಂಕಿನಲ್ಲಿ ಇಟಲಿಯಲ್ಲಿ ‘ಸೆಲ್ಫ್’ ಎಂದಿರುವ ಪಂಪಿಗೆ ಹೋಗಿ, ಸಿಬ್ಬಂದಿ ಹಾಕುವ ಪಂಪಿನ ದರ ಹೆಚ್ಚು. ಫ್ರಾನ್ಸಿನಲ್ಲಿ ಡೀಸೆಲ್‌ಗೆ ‘ಗಜೋಲ್’ ಎಂದು ಬರೆದಿರುತ್ತದೆ, ಪೆಟ್ರೋಲ್ ಅಂದುಕೊಂಡು ತುಂಬಿಸಿದವರಿದ್ದಾರೆ. ಆಳಿಲ್ಲದ ಬಂಕಿನಲ್ಲಿ ಯಂತ್ರ ಮೊದಲು ನೂರು ಯೂರೋ ಮೀರಿದ ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯಬಹುದು, ಗಾಬರಿ ಬೇಡ.

ಇಟಲಿಯ ಹಳೆಯ ಪೇಟೆಗಳ ಸುತ್ತ ‘ಜೆಡ್‌ಟಿಎಲ್’ ಎಂಬ ನಿರ್ಬಂಧಿತ ವಲಯವಿರುತ್ತದೆ: ಬಿಳಿ ಫಲಕ, ಕೆಂಪು ವೃತ್ತ, ಕ್ಯಾಮೆರಾ. ಟುರಿನ್, ಆಲ್ಬಾ ಎರಡರಲ್ಲೂ ಇದೆ. ಒಳಹೊಕ್ಕ ಪ್ರತಿ ಸಲಕ್ಕೂ ಬೇರೆ ದಂಡ. ಮೊದಲು ಬಾಡಿಗೆ ಕಂಪನಿ ನಿಮ್ಮ ವಿಳಾಸ ಕೊಟ್ಟದ್ದಕ್ಕೆ ಕಾರ್ಡಿನಿಂದ ಹಣ ಮುರಿದುಕೊಳ್ಳುತ್ತದೆ, ತಿಂಗಳುಗಳ ಮೇಲೆ ದಂಡದ ಚೀಟಿ ಬೆಂಗಳೂರಿಗೆ ಬರುತ್ತದೆ. ಹೋಟೆಲ್ ವಲಯದ ಒಳಗಿದ್ದರೆ ಬರುವ ಮೊದಲೇ ಕಾರಿನ ನಂಬರ್ ಕಳಿಸಿ ನೋಂದಾಯಿಸಿಕೊಳ್ಳಿ.

ಸಸ್ಯಾಹಾರಿಗಳ ಪಾಡು ಹಸಿವಿನದಲ್ಲ, ಅಡಗಿರುವ ಮಾಂಸ ಮೀನಿನದು. ಪಿಯೆಮೊಂಟೆಯ ‘ಬಾನ್ಯಾ ಕಾವ್ದಾ’ ತರಕಾರಿ ಅದ್ದಿ ತಿನ್ನುವ ಗೊಜ್ಜು, ಅದರಲ್ಲಿ ಆಂಚೊವಿ ಮೀನಿದೆ. ‘ಪ್ಲಿನ್’ ಎಂಬ ಸಣ್ಣ ಕಡುಬಿನಲ್ಲಿ ಸಾಮಾನ್ಯವಾಗಿ ಮಾಂಸದ ಹೂರಣ. ರಿಸೊಟ್ಟೊ ಮಾಂಸದ ಸಾರಿನಲ್ಲಿ ಬೆಂದಿರಬಹುದು. ಬರ್ಗಂಡಿಯ ವೈನ್ ಸಾರಿನ ಮೊಟ್ಟೆಯಲ್ಲಿ ಹಂದಿಯ ತುಂಡುಗಳಿರುತ್ತವೆ. ಮೊಟ್ಟೆ ತಿನ್ನುವವರಿಗೆ ಬೆಣ್ಣೆ ಮತ್ತು ಸೇಜ್ ಎಲೆ ಹಾಕಿದ ‘ತಾಯರಿನ್’ ಶಾವಿಗೆ ನಿಶ್ಚಿಂತೆಯದು, ಟ್ರಫಲ್ ತುರಿಸಿಕೊಳ್ಳುವುದಕ್ಕೂ ಅದೇ ಸರಿ. ಗ್ರಾಂ ಲೆಕ್ಕದಲ್ಲಿ ದರ ಕೇಳಿಕೊಂಡೇ ಹೂಂ ಅನ್ನಿ. ಆವೊಸ್ತಾದಲ್ಲಿ ಚೀಸ್ ಹಾಕಿದ ಮೆಕ್ಕೆಜೋಳದ ಗಂಜಿ ಪೊಲೆಂಟಾ ಸಿಗುತ್ತದೆ. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮೀನನ್ನು ಬಿಡದವರಿದ್ದಾರೆ. ಇಟಲಿಯಲ್ಲಿ ‘ಸೆನ್ಸಾ ಕಾರ್ನೆ, ಸೆನ್ಸಾ ಪೆಶ್ಶೆ, ಸೆನ್ಸಾ ಬ್ರೋದೊ ದಿ ಕಾರ್ನೆ’ ಎಂದು ಮಾಂಸ, ಮೀನು, ಮಾಂಸದ ಸಾರು ಮೂರನ್ನೂ ಬಿಡಿಸಿ ಹೇಳಿ. ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್ ಅಥವಾ ಮೀನಿನಿಂದ ತೆಗೆದ ಅಂಟು ಬಳಸುವುದುಂಟು. ಅದು ನಿಮಗೆ ಮುಖ್ಯವಾದರೆ ಭೇಟಿಯಲ್ಲೇ ಕೇಳಿ, ಶೋಧಿಸದೆ ತುಂಬುವ ತಯಾರಕರು ಎರಡೂ ಕಡೆ ಇದ್ದಾರೆ.

ಕೊನೆಗೆ ಬಾಟಲಿಗಳು. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ತಲೆಗೆ ಎರಡು ಲೀಟರ್. ಮೂರು ಬಾಟಲಿ ಎಂದರೆ 2.25 ಲೀಟರ್, ಮಿತಿ ಮೀರಿತು. ಲೆಕ್ಕಕ್ಕೆ ಕೂರುವುದು ಎರಡು ಪೂರ್ಣ ಬಾಟಲಿ ಮತ್ತು ಒಂದು 375 ಮಿ.ಲೀ. ಅರೆ ಬಾಟಲಿ. ನಾಲ್ವರಿಗೆ ಎಂಟು ದೊಡ್ಡದು, ನಾಲ್ಕು ಚಿಕ್ಕದು. ಅದಕ್ಕಿಂತ ಹೆಚ್ಚಿನದಕ್ಕೆ ಬೀಳುವ ಸುಂಕ ಬಾಟಲಿಯ ಬೆಲೆಯನ್ನೇ ಮೀರಬಹುದು. ಕೊರಿಯರ್ ಆಸೆಯನ್ನೂ ಬಿಡಿ. ಆದ್ದರಿಂದ ಬೆಂಗಳೂರಿನಲ್ಲಿ ಸಿಗುವ ದೊಡ್ಡ ಹೆಸರುಗಳನ್ನು ಅಲ್ಲಿ ಕೊಳ್ಳಬೇಡಿ. ಕರೆಮಾದಂಥ, ಊರು ಬಿಟ್ಟು ಹೊರಗೆ ಹೋಗದ ವೈನ್ ತನ್ನಿ. ಉಳಿದದ್ದನ್ನು ದಾರಿಯಲ್ಲೇ ಕುಡಿದು ಮುಗಿಸಿ.

ಅಕ್ಟೋಬರ್ ಆದರೂ ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ಕಾವು ಏರುತ್ತದೆ, ರಾತ್ರಿ ಪೆಟ್ಟಿಗೆಯನ್ನು ಕೋಣೆಗೆ ಒಯ್ಯಿರಿ. ಹೆದ್ದಾರಿಯ ತಂಗುದಾಣಗಳಲ್ಲಿ ಸೀಟಿನ ಮೇಲೆ ಪೆಟ್ಟಿಗೆ ಕಾಣುವಂತೆ ಬಿಟ್ಟರೆ ಗಾಜು ಒಡೆಯುತ್ತಾರೆ. ವಿಮಾನದಲ್ಲಿ ವೈನ್ ಹೋಗಬೇಕಾದದ್ದು ಚೆಕ್-ಇನ್ ಚೀಲದಲ್ಲಿ, ಗಾಳಿ ತುಂಬುವ ಬಾಟಲಿ ಚೀಲಗಳನ್ನು ಇಲ್ಲಿಂದಲೇ ಒಯ್ಯಿರಿ. ಚೀಲದ ನಡುವೆ, ಬಟ್ಟೆಗಳ ಮಧ್ಯೆ ಇಡಿ, ಚಕ್ರದ ಬದಿಗೆ ಬೇಡ. ಬಾಟಲಿಯೊಂದು ಸುಮಾರು 1.3 ಕಿಲೋ ತೂಗುತ್ತದೆ, ಬರೋಲೊದ ದಪ್ಪ ಗಾಜಿನದು ಇನ್ನೂ ಹೆಚ್ಚು. ನಿಮ್ಮಲ್ಲಿ ಯಾರಾದರೂ ಗ್ರಾಪ್ಪಾ (ದ್ರಾಕ್ಷಿ ಸಿಪ್ಪೆಯಿಂದ ಭಟ್ಟಿ ಇಳಿಸಿದ ಇಟಲಿಯ ಮದ್ಯ) ಕೊಳ್ಳುವ ಯೋಚನೆಯಲ್ಲಿದ್ದರೆ ಅದೂ ಅದೇ ಎರಡು ಲೀಟರ್ ಒಳಗೆ ಬರಬೇಕು.